ಆಯಿ ನಡೆದ ಹೊಳೆದಂಡೆ

ಬೂಟು ಬಿಚ್ಚಿ ಮರಳಲ್ಲಿ ಕುಳಿತಿದ್ದೇನೆ. ಗೋಕರ್ಣದಿಂದ ಕುಮಟೆಗೆ ಕಡಲಂಚಿನಲ್ಲೇ ನಡೆಯೋಣ ಎಂದು ಗೆಳೆಯನನ್ನು ಹೊರಡಿಸಿದವನು ನಾನೇ; ಅರ್ಧ ದಾರಿಗೆ ಹಿಮ್ಮಡಿಯಲ್ಲಿ ಗುಳ್ಳೆ ಎಬ್ಬಿಸಿಕೊಂಡು ಕೂತವನೂ ನಾನೇ. ಬೀದರಿನವನಿಗೆ ಕಡಲೆಂದರೆ ಹುಚ್ಚು, ನಿಮಗೆ ಗೊತ್ತಲ್ಲ. ಆದರೆ ಈ ಒದ್ದೆ ಮರಳಿನ ವಾಸನೆಗೆ ನೆನಪಾದದ್ದು ನಮ್ಮ ಮಾಂಜ್ರಾ ಹೊಳೆ, ಮತ್ತು ಅದರ ದಂಡೆ ಹಿಡಿದು ಔರಾದ ಕಡೆಯಿಂದ ಬೀದರಿಗೆ ನಡೆದುಹೋದ ನನ್ನ ಆಯಿ, ತಾಯಿಯ ತಾಯಿ.

ನಿಜಾಮನ ಆಳ್ವಿಕೆ ಕೊನೆಗೊಳಿಸಿದ ೧೯೪೮ರ ಪೊಲೀಸ್ ಕಾರ್ಯಾಚರಣೆ ಮುಗಿದ ಹೊಸತು. ಅದಕ್ಕೂ ಮುಂಚೆ ನಿಜಾಮನ ಪರ ಹಾವಳಿಯಿಟ್ಟ ರಜಾಕಾರರಿಗೆ ಹೆದರಿ ಆಯಿಯ ಮನೆಯವರು ಜೋಳದ ಹೊಲದಲ್ಲಿ ಅಡಗಿದ್ದರು. ಈಗ ಮುಸ್ಲಿಮರ ಮೇಲಿನ ಸೇಡಿಗೆ ಹೆದರುವ ಸರದಿ ಪಕ್ಕದ ಮನೆಯ ಖೈರೂನಳದು. ಯಾರಿಗೂ ಕೇಡು ಬಗೆಯದ ವಿಧವೆ, ತವರು ಬೀದರಿನಲ್ಲಿ. ರಸ್ತೆಯಲ್ಲಿ ಹೋದರೆ ಜೀವ ಉಳಿಯುವ ಭರವಸೆಯಿರಲಿಲ್ಲ. ಆಯಿ ಅವಳಿಗೆ ತನ್ನ ಸೀರೆ ಉಡಿಸಿ, ಹಣೆಗೆ ವಿಭೂತಿ ಹಚ್ಚಿ, ಹೊಳೆದಂಡೆಯ ದಾರಿ ಹಿಡಿಸಿದಳು. ದೋಣಿಯ ಹತ್ತಿರ ಬಡಿಗೆ ಹಿಡಿದ ಗಂಡಸರು ಕಂಡದ್ದೇ ಜಾಲಿಗಿಡದ ಮರೆಗೆ ನಿಂತು, ತನ್ನ ಕೊರಳಿನ ಲಿಂಗವನ್ನು ತೆಗೆದು ಖೈರೂನಳ ಕೊರಳಿಗೆ ಕಟ್ಟಿದಳು.

"ಯಾರು ಇಕಿ?"

"ನನ್ನ ತಂಗಿರಿ. ಜ್ವರ ಬಂದಾವ, ಮಾತಾಡಲ್ಲ."

ಒಬ್ಬ ಖೈರೂನಳ ಕೊರಳ ಲಿಂಗ ನೋಡಿ ಒಪ್ಪಿದ. ಆಮೇಲೆ ಆಯಿಯ ಕಡೆ ತಿರುಗಿದ. "ನಿಂದೆಲ್ಲಿ ಅದ?"

"ಜಳಕ ಮಾಡೋ ಮುಂದ ಹೊಳಿ ಪಾಲಾಯ್ತ್ರಿ, ಅಣ್ಣಾ."

ಲಿಂಗ ಕಳೆದುಕೊಂಡವಳು ಬದುಕಿದ್ದೂ ಸತ್ತಂತೆ, ಮುಟ್ಟಿದರೆ ಮೈಲಿಗೆ! ಅವನು ಎರಡು ಹೆಜ್ಜೆ ಹಿಂದೆ ಸರಿದ. "ದಾಟಸ್ರಿ, ದಾಟಸ್ರಿ," ಅಂದ ದೋಣಿಯವನಿಗೆ.

ಖೈರೂನ ಬೀದರಿನ ತನ್ನ ತವರುಮನೆ ಬಾಗಿಲಲ್ಲಿ ಲಿಂಗವನ್ನು ಬಿಚ್ಚಿ, ಕಣ್ಣಿಗೊತ್ತಿಕೊಂಡು, ತಿರುಗಿ ಆಯಿಗೆ ಕಟ್ಟಿದಳಂತೆ.

ದೋಣಿಯವನ ಬಾಯಿಂದ ಸುದ್ದಿ ಮಾತ್ರ ಆಯಿ ಮರಳುವ ಮೊದಲೇ ಊರು ಮುಟ್ಟಿತ್ತು. ಹೊಸ್ತಿಲಲ್ಲೇ ಅವಳ ಅತ್ತೆ ತಡೆದಳು. "ಲಿಂಗ ಹೊಳಿ ಪಾಲಾಯ್ತು ಅಂದ್ರಲ್ಲವ್ವಾ?"

"ಸಿಕ್ತ್ರಿ."

"ಎಲ್ಲಿ?"

"ಬೀದರದಾಗರಿ."

ಅತ್ತೆ ದಾರಿ ಬಿಟ್ಟಳು. ಒಳಗೆ ಹೋಗಿ ಕಾಲಿಗೆ ನೀರು ತಂದುಕೊಟ್ಟಳು.

ಆಯಿ ಇದನ್ನು ಹೇಳಿದಾಗಲೆಲ್ಲ ನಾವು "ಬೀದರದಾಗರಿ" ಎಂಬಲ್ಲಿ ಹೊಟ್ಟೆ ಹಿಡಿದು ನಗುತ್ತಿದ್ದೆವು. ನಾನೂ ಎಷ್ಟೋ ಕಡೆ ಹೇಳಿ ನಗಿಸಿದ್ದೇನೆ. ಇವತ್ತು ಕಾಲು ನೋಯುತ್ತಿರುವಾಗ ಮೊದಲ ಸಲ ಹೊಳೆಯಿತು: ಅವಳು ತಿರುಗಿ ಬಂದದ್ದೂ ಅದೇ ದಂಡೆಯಲ್ಲಿ, ಒಬ್ಬಳೇ. ಅದೇ ದೋಣಿ. ಅದೇ ಗಂಡಸರು ಅಲ್ಲಿದ್ದರೋ ಏನೋ, ಹೊಳೆ ಪಾಲಾಯಿತೆಂದಿದ್ದ ಲಿಂಗ ಈಗ ಕೊರಳಲ್ಲಿತ್ತು. ಹ್ಯಾಗೆ ದಾಟಿದಳು? ಅವಳು ಹೇಳಲಿಲ್ಲ. ನಗುವ ಭರದಲ್ಲಿ ನಾವ್ಯಾರೂ ಕೇಳಲಿಲ್ಲ.

"ಜೀಪು ಕರೀಲಾ?" ಅಂದ ಗೆಳೆಯ.

"ಸ್ವಲ್ಪ ತಡಿ," ಎಂದೆ. ಕುಂಟುತ್ತ ಎದ್ದು ನಡೆಯತೊಡಗಿದೆ.