ನಡುವೆ ನಿಂತವನ ತಾಯಿ

“ಅಮ್ಮಾ, ದುಗ್ಗಮ್ಮಜ್ಜಿ ರೇಡಿಯೋಕ್ಕೆ ಬೆನ್ನು ಹಾಕಿ ಕೂರುದು ಯಾಕೆ?”

ಐದು ವರ್ಷದ ವಾಸಂತಿ ಕೇಳಿದಳು. ಕೇಳಲಿಕ್ಕೆ ಕಿವಿ ಸಾಕು ಎಂದು ಏನೋ ಹೇಳಿ, ವಸುಮತಿ ಮಗಳ ಜಡೆಗೆ ರಿಬ್ಬನ್ ಬಿಗಿದಳು.

ಸುಳ್ಯ ಪೇಟೆಯಲ್ಲಿ ವಸುಮತಿಯ ಗಂಡನಿಗೆ ಜವಳಿ ಅಂಗಡಿ, ಹಿಂದೆಯೇ ಮನೆ. ದುಗ್ಗಮ್ಮ ಹೊಳೆಯಾಚೆ ಅಜ್ಜಾವರದವಳು, ಹೆರಿಗೆ ಮಾಡಿಸುವುದರಲ್ಲಿ ಹೆಸರಾದ ಗೌಡತಿ. ವಾಸಂತಿಯೂ ಬಂದು ಬಿದ್ದದ್ದು ಆಕೆಯ ಕೈಗೇ. ಬಾಗಿಲ ಬಳಿ ಸುಳಿದಾಡಿದ ಗಂಡಂದಿರನ್ನು “ಹಡೆಯುದು ನೀವಾ?” ಎಂದು ಅಂಗಳಕ್ಕೆ ಅಟ್ಟುವ ಹೆಂಗಸು.

ಒಬ್ಬನೇ ಮಗ ತೀರ್ಥರಾಮ ಸೈನ್ಯದ ಪಟಾಳಕ್ಕೆ ಸೇರಿದಾಗ ಊಟ ಬಿಟ್ಟು ಕೂತಿದ್ದಳಂತೆ. ಹೋದ ನವರಾತ್ರಿ ಕಳೆದ ಮೇಲೆ ಅವನನ್ನು ವಿಶ್ವಸಂಸ್ಥೆಯ ಶಾಂತಿಪಡೆಗೆಂದು ಗಾಜಾಕ್ಕೆ ಕಳುಹಿಸಿದಾಗ ಮಾತ್ರ ಸಮಾಧಾನಪಟ್ಟಳು. ಈಜಿಪ್ಟಿನವರೂ ಇಸ್ರೇಲಿನವರೂ ಮತ್ತೆ ಬಡಿದಾಡದಂತೆ ಗಡಿಯಲ್ಲಿ ನೀಲಿ ಟೊಪ್ಪಿ ಹಾಕಿ ನಿಲ್ಲುವುದು, ಅಷ್ಟೇ ಕೆಲಸ. ಯುದ್ಧವಲ್ಲವಲ್ಲ ಎಂದು ಊರೂ ಹೇಳಿತು.

“ಇದೆಂತ ಪಟಾಳ ದುಗ್ಗಮ್ಮಕ್ಕ, ಬರೇ ನಿಲ್ಲುದಾ? ನನ್ನನ್ನೂ ಸೇರಿಸಿ” ಎಂದು ಒಣಮೀನು ಮಾರುವ ಬಾವ ಅಂಗಡಿಯ ಜಗಲಿಯಲ್ಲಿ ಕೆಣಕಿದ್ದ.

“ಅತ್ತೆ ಸೊಸೆ ಜಗಳದ ನಡುವೆ ಒಂದು ದಿನ ನಿಂತು ನೋಡು ಬಾವ. ಆಮೇಲೆ ಹೆಸರು ಕೊಡು.”

ಅಂದು ಎಲ್ಲರೂ ನಕ್ಕಿದ್ದರು. ಅರುವತ್ತೇಳರ ಈ ಮೇ ತಿಂಗಳಲ್ಲಿ ಈಜಿಪ್ಟು ಶಾಂತಿಪಡೆಯನ್ನು ಹೊರಡಿ ಎಂದಿತು. ದೆಹಲಿಯಲ್ಲಿ, ನ್ಯೂಯಾರ್ಕಿನಲ್ಲಿ ದೊಡ್ಡವರ ಮಾತುಕತೆ ಮುಗಿಯಲೇ ಇಲ್ಲ. ಸಾಮಾನು ಕಟ್ಟಿ ಆಗಿದೆ, ಹಡಗು ಬರಲಿಕ್ಕೆ ಬಾಕಿ ಎಂದು ತೀರ್ಥರಾಮನ ಕಾಗದ ಬಂತು. ಆಮೇಲೆ ಕಾಗದವಿಲ್ಲ. ಅಲ್ಲಿಂದೀಚೆಗೆ ದುಗ್ಗಮ್ಮ ದಿನಾ ಬೆಳಿಗ್ಗೆ ದೋಣಿಯಲ್ಲಿ ಹೊಳೆ ದಾಟಿ ವಸುಮತಿಯ ಮನೆಗೆ ವಾರ್ತೆ ಕೇಳಲು ಬರುವಳು. ಗೋಡೆಗೆ ಮುಖ ಮಾಡಿ ಕೂತು ಕೇಳಿ, ಹಾಡು ಶುರುವಾದೊಡನೆ ಎದ್ದು ಹೋಗುವಳು. ಅವಳ ಮನೆಯಲ್ಲಿ ಸೊಸೆ ಪೂವಮ್ಮ ತುಂಬುಗರ್ಭಿಣಿ, ತಾಯಿಯಿಲ್ಲದ ಹುಡುಗಿ.

ಜೂನಿನಲ್ಲಿ ಯುದ್ಧ ಹೊತ್ತಿಯೇ ಬಿಟ್ಟಿತು. ಒಂದು ಬೆಳಿಗ್ಗೆ, ಗಾಜಾದಲ್ಲಿ ಶಾಂತಿಪಡೆಯ ಭಾರತೀಯ ಸೈನಿಕರು ಸತ್ತಿದ್ದಾರೆ ಎಂದು ರೇಡಿಯೋ ಹೇಳಿತು. ಹೆಸರು ಹೇಳಲಿಲ್ಲ. ವಸುಮತಿ ರೇಡಿಯೋ ಆರಿಸಿದಳು. ರೇಡಿಯೋದ ಕಡೆಗಿದ್ದ ಬೆನ್ನು ಅಲುಗಲಿಲ್ಲ. ಬಾಯಲ್ಲಿದ್ದ ಎಲೆಯಡಿಕೆಯನ್ನು ದುಗ್ಗಮ್ಮ ಜಗಿಯಲೂ ಇಲ್ಲ, ಉಗಿಯಲೂ ಇಲ್ಲ.

ತೀರ್ಥರಾಮ ಪಟಾಳದಲ್ಲಿ ಕೊಟ್ಟ ವಿಳಾಸ ಈ ಅಂಗಡಿಯದು. ಹೊಳೆ ತುಂಬಿದರೆ ಅಂಚೆಯವನು ಆಚೆಗೆ ಹೋಗಲಾರ. ಸಾವಿನ ಸುದ್ದಿಯ ತಂತಿ ಬಂದರೆ ಇಲ್ಲಿಗೇ ಬರಬೇಕು. ಇಬ್ಬರಿಗೂ ಅದು ಗೊತ್ತಿತ್ತು. ಅಷ್ಟರಲ್ಲಿ ಅಂಗಡಿಯ ಮುಂದೆ ಸೈಕಲ್ ನಿಂತ ಸದ್ದಾಯಿತು. ವಸುಮತಿ ಸೆರಗನ್ನು ಹಿಡಿದುಕೊಂಡೇ ಓಡಿದಳು. ಯಾರೋ ಪಂಚೆ ಕೇಳಲು ಬಂದವರು.

ತಿರುಗಿ ಬಂದಾಗ ದುಗ್ಗಮ್ಮ ಎದ್ದು ನಿಂತಿದ್ದಳು. ಸೊಸೆಯ ಹೊಟ್ಟೆಯಲ್ಲಿ ಮಗು ಅಡ್ಡ ಮಲಗಿದೆ, ದಿನವೂ ಎಣ್ಣೆ ಹಚ್ಚಿ ಸರಿಸಲು ನೋಡುತ್ತಿದ್ದೇನೆ ಎಂದಳು. ಪುತ್ತೂರಿನ ಆಸ್ಪತ್ರೆಗೆ ಹೋಗಬಾರದೇ, ಕಾರು ಮಾಡಿಕೊಡುತ್ತೇವೆ ಎಂದಳು ವಸುಮತಿ. ಹೊಳೆಯ ನೀರು ಕೆಂಪಾಗಿ ಏರುತ್ತಿತ್ತು. ಆ ನೀರಿನಲ್ಲಿ ಪೂವಮ್ಮನನ್ನು ದೋಣಿಯಲ್ಲಿ ಕೂರಿಸಲಾರೆ ಎಂದು ದುಗ್ಗಮ್ಮ ತಲೆಯಾಡಿಸಿದಳು. ಆಮೇಲೆ ಎಂದೂ ಇಲ್ಲದ್ದು, ವಸುಮತಿಯ ಎರಡೂ ಕೈ ಹಿಡಿದುಕೊಂಡಳು.

“ವಸುಮತಿಯಕ್ಕ, ತಂತಿ ಬಂದರೆ ಹೆರಿಗೆ ಆಗುವವರೆಗೆ ನಿಮ್ಮಲ್ಲೇ ಇರಲಿ. ಪೂವಮ್ಮನಿಗೆ ಹೇಳ್ಬೇಡಿ. ನನಗೂ ಹೇಳ್ಬೇಡಿ. ಕೈ ನಡುಗಿದರೆ ಎರಡು ಜೀವ ಹೋಗ್ತದೆ. ನಾಳೆ ಬಂದು ನಾನು ಕೇಳಿಯೇ ಕೇಳ್ತೇನೆ, ಕೇಳದೆ ಇರ್ಲಿಕ್ಕೆ ನನ್ನಿಂದ ಆಗುದಿಲ್ಲ. ಆಗ ನೀವು ನನ್ನ ಮುಖ ನೋಡಿ, ಎಂತದೂ ಬರಲಿಲ್ಲ ಅಂತ ಹೇಳ್ಬೇಕು. ಬಂದಿದ್ದರೂ ಹಾಗೇ ಹೇಳ್ಬೇಕು.”