ರಾಯರ ದುಂಡಕ್ಷರ, ಶಾಂತಕುಮಾರಿಯ ಮಿಷನ್ನು

1984ರಲ್ಲಿ ನಾನು ಸಬ್ ರಿಜಿಸ್ಟ್ರಾರ್ ಆಗಿದ್ದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಕಡೆ ವರ್ಗವಾಗಿ ಸುತ್ತಿದವನು ನಾನು. ಇದು ಅವುಗಳಲ್ಲಿ ಯಾವ ಊರಿನಲ್ಲಿ ನಡೆದದ್ದು ಎಂದು ಹೇಳುವುದಿಲ್ಲ. ಇದರಲ್ಲಿ ಬರುವವರ ಮಕ್ಕಳು ಈಗಲೂ ಆ ಕಚೇರಿಯ ಕಾಂಪೌಂಡಿನಲ್ಲೇ ಕೂತು ಹೊಟ್ಟೆ ಹೊರೆಯುತ್ತಿದ್ದಾರೆ, ಅವರು ನನ್ನ ಮನೆ ಹುಡುಕಿಕೊಂಡು ಬಂದು ಜಗಳಕ್ಕೆ ನಿಂತರೆ ಅವರಿಗೆ ಕಾಫಿ ಕೊಡುವ ಮನಸ್ಸು ನನಗಿಲ್ಲ.

ಕೈಬರಹ ಮೇಲೋ, ಕಂಪ್ಯೂಟರಿನಲ್ಲಿ ಟೈಪ್ ಮಾಡುವುದು ಮೇಲೋ ಎಂಬ ವಿಷಯದ ಮೇಲೆ ಬರೆದುಕೊಡಿ ಎಂದು ಪತ್ರಿಕೆಯವರು ಕೇಳಿದ್ದಾರೆ. ಕಂಪ್ಯೂಟರಿನ ಬಗ್ಗೆ ನನಗೆ ಗೊತ್ತಿರುವುದು ಒಂದೇ, ಅದರ ಮುಂದೆ ಕೂತವನು ನಾವು ಎಷ್ಟು ಕೂಗಿದರೂ ತಲೆ ಎತ್ತುವುದಿಲ್ಲ. ಅದರ ಅಜ್ಜನಾದ ಟೈಪ್‌ರೈಟರ್ ಮಾತ್ರ ನನಗೆ ಚೆನ್ನಾಗಿ ಗೊತ್ತು. ಅದರೊಂದಿಗೆ ಒಂದು ವರ್ಷ ಹಗೆ ಸಾಧಿಸಿದ್ದೇನೆ.

ಆಗ ಜಮೀನಿನ ಕ್ರಯವಾಗಲಿ, ದಾನವಾಗಲಿ, ಅಣ್ಣತಮ್ಮಂದಿರ ವಿಭಾಗವಾಗಲಿ, ಛಾಪಾ ಕಾಗದದ ಮೇಲೆ ಪತ್ರ ಬರೆದುಕೊಡುವುದು ಲೈಸೆನ್ಸ್ ಪಡೆದ ಪತ್ರಬರಹಗಾರರ ಕೆಲಸ. ನಮ್ಮ ಕಚೇರಿಯ ಜಗಲಿಯ ಮೇಲೆ ಅಂಥವರು ಏಳು ಮಂದಿ. ಪತ್ರದ ಕೊನೆಗೆ ‘ಬಿಕ್ಕಲಂ’ ಎಂದು ಬರೆದು ತಮ್ಮ ರುಜು ಹಾಕುತ್ತಿದ್ದರು. ಇದನ್ನು ಬರೆದವನು ನಾನು, ಇದಕ್ಕೆ ನಾನು ಹೊಣೆ ಎಂದು ಅದರ ಅರ್ಥ. ಪತ್ರ ಬರೆಸಿದವರನ್ನು ನನ್ನ ಮೇಜಿನ ಮುಂದೆ ನಿಲ್ಲಿಸಿ, ಇವರು ಇಂಥವರೇ, ನಾನು ಬಲ್ಲೆ ಎಂದು ಗುರುತಿಸುತ್ತಿದ್ದವರೂ ಅವರೇ. ಅವರಲ್ಲಿ ಒಂದು ಕಟ್ಟುಪಾಡಿತ್ತು. ತಾಲ್ಲೂಕಿನ ಮನೆತನಗಳನ್ನೆಲ್ಲ ಏಳು ಪಾಲು ಮಾಡಿಕೊಂಡಿದ್ದರು. ಒಬ್ಬರ ಪಾಲಿನ ಮನೆತನಕ್ಕೆ ಇನ್ನೊಬ್ಬರು ಒಂದು ಸಾಲನ್ನೂ ಬರೆಯುವಂತಿಲ್ಲ. ಯಾವ ಕಾನೂನಿನಲ್ಲೂ ಇಲ್ಲದ ಈ ಏರ್ಪಾಡು ಕಾನೂನಿಗಿಂತ ಬಿಗಿಯಾಗಿ ನಡೆಯುತ್ತಿತ್ತು.

ಏಳು ಮಂದಿಗೂ ಯಜಮಾನರು ಸುಬ್ಬರಾಯರು. ಶಾನುಭೋಗಿಕೆ ರದ್ದಾದ ಮೇಲೆ ಈ ಜಗಲಿ ಹಿಡಿದವರು. ಅವರ ಅಕ್ಷರ ದುಂಡಗೆ, ನೋಡಿದರೆ ಇನ್ನೊಮ್ಮೆ ನೋಡಬೇಕು ಎನಿಸುವಷ್ಟು ಚೆಂದ. ಆ ಅಕ್ಷರ ಬರೆದ ಮನುಷ್ಯನನ್ನು ಇನ್ನೊಮ್ಮೆ ನೋಡಬೇಕು ಎಂದು ನನಗೆ ಯಾವತ್ತೂ ಅನಿಸಲಿಲ್ಲ.

ಆ ವರ್ಷದ ಬೇಸಿಗೆಯಲ್ಲಿ ಶಾಂತಕುಮಾರಿ ಬಂದಳು. ಮೂವತ್ತರ ಆಸುಪಾಸಿನ ಹೆಂಗಸು, ಮಧುಗಿರಿಯಲ್ಲಿ ಟೈಪಿಂಗ್ ಕಲಿತು, ಪತ್ರಬರಹಗಾರರ ಪರೀಕ್ಷೆಯನ್ನೂ ಪಾಸು ಮಾಡಿ ಲೈಸೆನ್ಸ್ ಪಡೆದಿದ್ದಳು. ಹೊಂಗೆ ಮರದಡಿ ಒಂದು ಮೇಜು, ಅದರ ಮೇಲೆ ಹಳೆಯ ಕನ್ನಡ ಟೈಪ್‌ರೈಟರ್. ಬೆಳಗಿನಿಂದ ಸಂಜೆಯವರೆಗೆ ಕಟಕಟ, ಕಟಕಟ. ನನ್ನ ಕಿಟಕಿಗೆ ನೇರ ಎದುರು. ಮಾತು ಕಡಿಮೆ, ನಗು ಇಲ್ಲವೇ ಇಲ್ಲ. ಸದ್ದು ಕಮ್ಮಿ ಮಾಡು ಎಂದು ಹೇಳಿಕಳಿಸಿದರೆ, "ಕಿಟಕಿ ಹಾಕ್ಕೊಳ್ಳೋಕೆ ಹೇಳಿ" ಎಂದು ಜವಾನನ ಕೈಯಲ್ಲಿ ಉತ್ತರ ಕಳಿಸಿದಳು. ಅಧಿಕಾರಿಗೆ ಹೀಗೆ ಹೇಳುವವರನ್ನು ನಾನು ಸಹಿಸಿದವನಲ್ಲ.

ಜಗಲಿಯವರು ಅವಳನ್ನು ಓಡಿಸಲು ಮಾಡದ ಕುಚೇಷ್ಟೆ ಇಲ್ಲ. ಅವಳ ಸ್ಟೂಲು ಮಾಯವಾಯಿತು, ಮೇಜಿನ ಕಾಲು ಮುರಿಯಿತು. ಟೈಪ್ ಮಾಡಿದ ಪತ್ರ ಸಿನಿಮಾದ ಕರಪತ್ರ ಇದ್ದ ಹಾಗೆ, ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ಹಳ್ಳಿಹಳ್ಳಿಗೆ ಸುದ್ದಿ ಹಬ್ಬಿಸಿದರು. ಅವಳಲ್ಲಿ ಟೈಪ್ ಮಾಡಿಸಿದವರನ್ನು ಗುರುತಿಸಲು ಒಬ್ಬರೂ ಬರಬಾರದೆಂದು ತೀರ್ಮಾನ ಮಾಡಿದರು. ಸುಬ್ಬರಾಯರು ನನ್ನ ಬಳಿಯೂ ಬಂದರು.

"ಸ್ವಾಮಿ, ಕೈಬರಹಕ್ಕೆ ಒಬ್ಬ ಯಜಮಾನ ಇರ್ತಾನೆ. ನಾಳೆ ತಕರಾರು ಬಂದರೆ, ಇದು ನನ್ನ ಅಕ್ಷರ ಅಂತ ಎದೆ ತಟ್ಟಿ ಹೇಳ್ತಾನೆ. ಮಿಷನ್ನಿಗೆ ಯಾರು ಯಜಮಾನ?"

ಆ ಮಾತು ಸುಳ್ಳೆಂದು ನನಗೂ ಅನಿಸಲಿಲ್ಲ. ಕೈಬರಹ ನೋಡಿಯೇ ಎಷ್ಟೋ ಖೊಟ್ಟಿ ಪತ್ರಗಳನ್ನು ಹಿಡಿದವನು ನಾನು. ಬರೆದವನ ಕೈ ಎಲ್ಲಿ ತಡವರಿಸಿತು, ಎಲ್ಲಿ ಅವಸರಪಟ್ಟಿತು ಎಂಬುದು ಕಾಗದದ ಮೇಲೆ ಕಾಣುತ್ತದೆ. ಟೈಪಿನ ಅಕ್ಷರಕ್ಕೆ ಮುಖವೇ ಇಲ್ಲ. ಹಾಗಾಗಿ ಜಗಲಿಯವರ ಕಿತಾಪತಿಗೆ ನಾನು ಅಡ್ಡ ಹೋಗಲಿಲ್ಲ.

ಈ ನಡುವೆ ಈರಕ್ಕ ಬಂದಳು. ಆಂಧ್ರದ ಗಡಿಗೆ ಅಂಟಿಕೊಂಡಿದ್ದ ಒಂದು ಗೊಲ್ಲರಹಟ್ಟಿಯ ಮುದುಕಿ. ಹಿಂದಿನ ವರ್ಷ ಇಬ್ಬರು ಗಂಡುಮಕ್ಕಳೊಂದಿಗೆ ವಿಭಾಗವಾದಾಗ ಎರಡು ಎಕರೆ ಅವಳ ಪಾಲಿಗೆ ಬಂದಿತ್ತು. ಗಂಡ ಬಿಟ್ಟು ತವರಿಗೆ ಬಂದಿದ್ದ ಮಗಳು ಸಿದ್ದಮ್ಮನಿಗೆ ಅದನ್ನು ದಾನ ಬರೆಯಬೇಕೆಂದು ಅವಳ ಆಸೆ. ದಮ್ಮಿನ ಕಾಯಿಲೆ, ನಾಲ್ಕು ಮಾತಿಗೊಮ್ಮೆ ಕೂರುತ್ತಿದ್ದಳು.

ಅವರ ಮನೆತನ ಸುಬ್ಬರಾಯರ ಪಾಲಿನದು. ಗಂಡುಮಕ್ಕಳು ಮೊದಲೇ ಬಂದು ರಾಯರನ್ನು ಕಂಡುಹೋಗಿದ್ದರು. ಹಾಗಾಗಿ ರಾಯರಿಗೆ ಒಂದು ದಿನ ಅಮಾವಾಸ್ಯೆ, ಇನ್ನೊಂದು ದಿನ ಕಣ್ಣುನೋವು. ಉಳಿದ ಆರು ಮಂದಿಯ ಕಾಲಿಗೆ ಬಿದ್ದರೂ, "ರಾಯರ ಮನೆತನಕ್ಕೆ ನಾವು ಕೈ ಹಾಕೋದಿಲ್ಲ" ಎಂಬ ಒಂದೇ ಉತ್ತರ. ಕೊನೆಗೆ ಅವಳು ನೇರವಾಗಿ ನನ್ನ ಕೋಣೆಗೇ ನುಗ್ಗಿದಳು.

"ಸ್ವಾಮಿ, ನಾ ಸಾಯೋದ್ರೊಳ್ಗೆ ಆ ಎರಡೆಕ್ರೆ ಸಿದ್ದಿ ಹೆಸ್ರಿಗಾಗ್ಬೇಕು. ನಾ ಕಣ್ ಮುಚ್ಕಂಡ್ರೆ ಇವ್ರು ಅವಳ್ನ ಗುಡ್ಲಿಂದ ಆಚಿಗೆ ತಳ್ಬುಡ್ತಾರೆ. ಒಬ್ರೂ ಬರ್ಕೊಡಲ್ಲ ಅಂತಾರಲ್ಲ, ಹೆಂಗೆ ಮಾಡ್ಲಿ?"

ಪತ್ರ ಬರೆಯುವುದು ನನ್ನ ಕೆಲಸವಲ್ಲ, ಬರೆದು ತಂದರೆ ನೋಂದಾಯಿಸುತ್ತೇನೆ ಎಂದೆ. ಅವಳು ಹೊರಗೆ ಹೋಗಿ ಹೊಂಗೆ ಮರದಡಿ ಕುಕ್ಕರಿಸಿದಳು. ಸ್ವಲ್ಪ ಹೊತ್ತಿಗೆ ಆ ಹಾಳು ಕಟಕಟ ಶುರುವಾಯಿತು.

ಮಧ್ಯಾಹ್ನ ದಾನಪತ್ರ ನನ್ನ ಮೇಜಿಗೆ ಬಂತು. ಜೊತೆಯಲ್ಲಿ ಈರಕ್ಕ, ಸಿದ್ದಮ್ಮ, ಸಾಕ್ಷಿ ಹಾಕಲು ಹಟ್ಟಿಯಿಂದ ಬಂದಿದ್ದ ಇಬ್ಬರು, ಶಾಂತಕುಮಾರಿ. ಅವರ ಬೆನ್ನಿಗೇ ಈರಕ್ಕನ ಇಬ್ಬರು ಗಂಡುಮಕ್ಕಳು, ಅವರ ಹಿಂದೆ ಜಗಲಿಯ ಏಳೂ ಮಂದಿ. ಬಾಗಿಲಲ್ಲಿ ಬೆಳಕೂ ಬರದಷ್ಟು ಜನ.

"ಮುದ್ಕಿಗೆ ಅರುಳು ಮರುಳು ಸ್ವಾಮಿ, ಅವಳ್ ಮಾತ್ ಕಟ್ಕಬ್ಯಾಡಿ" ಎಂದ ಹಿರಿಯ ಮಗ.

"ನಿನಗಿರೋ ಬುದ್ಧಿ ಎಷ್ಟಂತ ನಾನು ಆಮೇಲೆ ವಿಚಾರಿಸ್ತೀನಿ, ಹೊರಗೆ ನಿಲ್ಲು" ಎಂದೆ.

ಸುಬ್ಬರಾಯರು ಮುಂದೆ ಬಂದರು. "ಇದಕ್ಕೆ ಬಿಕ್ಕಲಂ ಯಾರು ಸ್ವಾಮಿ, ಮಿಷನ್ನೇ?" ಹಿಂದಿದ್ದವರು ಗೊಳ್ಳೆಂದು ನಕ್ಕರು. ಶಾಂತಕುಮಾರಿ ನನ್ನ ಮೇಜಿನ ಮೇಲಿನ ಪೆನ್ನೇ ಎತ್ತಿಕೊಂಡು, ಬಿಕ್ಕಲಂ ಎಂದು ಬರೆದು ಹೆಸರು, ಲೈಸೆನ್ಸ್ ನಂಬರು ಹಾಕಿ, ಪೆನ್ನನ್ನು ಟಪ್ಪೆಂದು ಇಟ್ಟಳು.

ಈರಕ್ಕನನ್ನು ಯಾರು ಗುರುತಿಸುತ್ತೀರಿ ಎಂದು ಕೇಳಿದೆ. ಹಟ್ಟಿಯ ಸಾಕ್ಷಿಗಳನ್ನು ನಾನು ಅರಿಯೆ, ಶಾಂತಕುಮಾರಿ ಮುದುಕಿಯನ್ನು ಕಂಡದ್ದೇ ಆ ದಿನ, ನಾನು ಬಲ್ಲವರು ಯಾರಾದರೂ ಹೇಳಬೇಕು. ಏಳು ಮಂದಿಯೂ ಒಬ್ಬರ ಹಿಂದೆ ಒಬ್ಬರು ಸರಿದುಕೊಂಡರು. ರಾಯರನ್ನೇ ಹೆಸರು ಹಿಡಿದು ಕೇಳಿದೆ.

"ಈ ಹೆಂಗಸು ಯಾರೋ ನನಗೆ ಗೊತ್ತಿಲ್ಲ ಸ್ವಾಮಿ" ಎಂದರು.

ಈರಕ್ಕ ನೆಲಕ್ಕೆ ಕೈಯೂರಿ ಎದ್ದು ನಿಂತಳು. "ಯಾರೋ ಗೊತ್ತಿಲ್ವಾ? ನಿಮ್ ಮನಿಗೆ ಬೆಣ್ಣೆ ಹೊತ್ಕಂಬಂದ್ ಹಾಕ್ದೋಳು ಗೊತ್ತಿಲ್ವಾ? ಥೂ, ನಿಮ್ ಬಾಯಿಗ್ ಮಣ್ ಹಾಕ!"

ನನಗೆ ಮೈಯೆಲ್ಲ ಉರಿಯಿತು. ಹಿಂದಿನ ವರ್ಷದ ವಿಭಾಗಪತ್ರದ ದಾಖಲೆ ಇದ್ದ ಪುಸ್ತಕ ತರಿಸಿದೆ. ‘ಸದರಿ ಈರಕ್ಕನನ್ನು ನಾನು ಬಲ್ಲೆ’ ಎಂದು ದುಂಡಗೆ ಬರೆದು ಕೆಳಗೆ ಸುಬ್ಬರಾಯರ ರುಜು. ಪುಸ್ತಕವನ್ನು ಅವರ ಮೂಗಿನ ಕೆಳಗೆ ಹಿಡಿದೆ.

"ಇದು ಯಾರ ಅಕ್ಷರ ರಾಯರೇ?"

ರಾಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನೋಡಿದರು. ನಾಲ್ಕು ತಾಲ್ಲೂಕಿನಲ್ಲಿ ಅಂಥ ಅಕ್ಷರ ಇನ್ನೊಬ್ಬರದಿರಲಿಲ್ಲ.

"ಹೇಳಕ್ಕಾಗಲ್ಲ ಸ್ವಾಮಿ. ಜ್ಞಾಪಕ ಇಲ್ಲ."

ಎದೆ ತಟ್ಟಿ ಹೇಳುತ್ತೇನೆ ಎಂದಿದ್ದವರು ಇವರು. ಆ ಕ್ಷಣದಲ್ಲಿ ನನಗೆ ಬಂದ ಅಸಹ್ಯ ಈಗಲೂ ಹೋಗಿಲ್ಲ. ಪತ್ರ ಬರೆಸಿದವರು ಅವರೇ ಎಂದು ಅಧಿಕಾರಿಗೆ ಬೇರೆ ರೀತಿಯಲ್ಲಿ ಮನದಟ್ಟಾದರೆ ನೋಂದಾಯಿಸಬಹುದು ಎಂದು ಕಾನೂನೇ ಹೇಳುತ್ತದೆ. ಈರಕ್ಕನ ಹೆಬ್ಬೆಟ್ಟನ್ನು ಹಳೆಯ ಹೆಬ್ಬೆಟ್ಟಿನ ಜೊತೆ ಇಟ್ಟು ನೋಡಿದೆ. ಜಮೀನಿನ ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಕೇಳಿದೆ, ಕಳ್ಳಿ ಬೇಲಿ, ಕರೇಕಲ್ಲು, ಹಳ್ಳ ಎಂದು ಪಟಪಟನೆ ಹೇಳಿದಳು. ಪತ್ರವನ್ನು ಗಟ್ಟಿಯಾಗಿ ಓದಿ ಹೇಳಿದೆ. "ಅಂಗೇ ಐತೆ ಸ್ವಾಮಿ, ನಾನೇಳಿದ್ದೇ ಐತೆ" ಎಂದಳು. ನೋಂದಾಯಿಸಿ ಮೊಹರು ಒತ್ತಿದೆ.

ರಾಯರು ಹೊರಡುವುದರಲ್ಲಿದ್ದರು. "ನಿಲ್ಲಿ" ಎಂದೆ. "ನಿಮ್ಮ ಅಕ್ಷರವೇ ನಿಮಗೆ ಗೊತ್ತಿಲ್ಲ ಅಂದಮೇಲೆ ಬೇರೆಯವರ ಮುಖ ಹೆಂಗೆ ಗೊತ್ತಾಗುತ್ತೆ? ನಾನು ಈ ಕುರ್ಚಿ ಮೇಲೆ ಇರೋವರೆಗೂ ನೀವು ಯಾರನ್ನೂ ಗುರುತಿಸಬೇಕಾಗಿಲ್ಲ."

ಮರುದಿನದಿಂದ ಏಳೂ ಮಂದಿ ಲೇಖನಿ ಕೆಳಗಿಟ್ಟರು. ನನ್ನ ಮೇಲೆ ಮೇಲಿನವರಿಗೆ ಅರ್ಜಿಗಳು ಹೋದವು. ಜನ ಬೇರೆ ದಾರಿ ಕಾಣದೆ ಹೊಂಗೆ ಮರದಡಿ ಸಾಲುಗಟ್ಟಿದರು. ಒಂದು ವಾರವೂ ಆಗಿರಲಿಲ್ಲ, ರಾಯರೊಬ್ಬರನ್ನು ಬಿಟ್ಟು ಉಳಿದ ಆರು ಮಂದಿ ಬಾಲ ಮುದುರಿಕೊಂಡು ಜಗಲಿಗೆ ವಾಪಸಾದರು. ಮನೆತನಗಳ ಪಾಲೂ ಅಲ್ಲಿಗೆ ಮುಗಿಯಿತು. ಶಾಂತಕುಮಾರಿ ಈ ಎಲ್ಲಕ್ಕೆ ನನಗೆ ಒಂದು ನಮಸ್ಕಾರವನ್ನೂ ಹೇಳಲಿಲ್ಲ. ನಾನೂ ಅದನ್ನು ಬಯಸಿರಲಿಲ್ಲ, ಅವಳ ಸದ್ದು ನಿಂತರೆ ಸಾಕಾಗಿತ್ತು.

ಈರಕ್ಕ ಮುಂದಿನ ಚಳಿಗಾಲ ದಾಟಲಿಲ್ಲ. ತಾಯಿ ಹೋದದ್ದೇ ತಡ, ಗಂಡುಮಕ್ಕಳು ಕೋರ್ಟಿಗೆ ಹೋದರು. ನಮ್ಮ ತಾಯಿ ಇಂಥ ಪತ್ರ ಬರೆಸಿಯೇ ಇಲ್ಲ, ಯಾರೋ ಮಿಷನ್ನಿನಲ್ಲಿ ಹುಟ್ಟಿಸಿದ್ದು ಎಂದು ದಾವೆ. ಅಷ್ಟರಲ್ಲಿ ನನಗೆ ವರ್ಗವಾಗಿತ್ತು, ಸಾಕ್ಷಿ ಹೇಳಲು ಸಮನ್ಸ್ ಬಂತು. ನನ್ನದು ಮುಗಿದ ಮೇಲೆ ಶಾಂತಕುಮಾರಿ ಕಟಕಟೆ ಹತ್ತಿದಳು. ಸಿದ್ದಮ್ಮ ಬಾಗಿಲ ಬಳಿ ಸೆರಗು ಕಚ್ಚಿಕೊಂಡು ನಿಂತಿದ್ದಳು. ಅವಳ ಎರಡೆಕರೆ, ಗುಡಿಸಲು ಎರಡೂ ಈ ಹೆಂಗಸಿನ ಬಾಯಲ್ಲಿದ್ದವು.

ಎದುರು ಪಕ್ಷದ ವಕೀಲರು ಪತ್ರವನ್ನು ಅವಳ ಮುಂದೆ ಅಲ್ಲಾಡಿಸಿದರು. "ಟೈಪಿನ ಅಕ್ಷರ ಎಲ್ಲ ಒಂದೇ ಥರ ಇರುತ್ತೆ. ಇದು ನೀವು ಹೊಡೆದದ್ದೇ ಅಂತ ಹೇಗೆ ಹೇಳ್ತೀರಿ?"

"ಅಕ್ಷರ ನೋಡಿ ಹೇಳ್ತಿಲ್ಲ ಸ್ವಾಮಿ" ಎಂದಳು ಅವಳು. "ಆ ಅಮ್ಮ ನನ್ನ ಪಕ್ಕ ಕೂತು ದಮ್ಮು ಹತ್ತಿ ನಿಲ್ಲಿಸಿ ನಿಲ್ಲಿಸಿ ಹೇಳಿದ್ರು. ಅವರು ನಿಲ್ಲಿಸಿದಾಗ ನಾನೂ ನಿಲ್ಲಿಸಿದೆ. ಇದನ್ನ ಹೊಡೆದೋಳು ನಾನು. ಇದರಲ್ಲಿ ಸುಳ್ಳಿದ್ರೆ ಜೈಲಿಗೆ ಹಾಕಿ."

ವಕೀಲರು ಪತ್ರವನ್ನು ಮೇಜಿನ ಮೇಲಿಟ್ಟು ಕೂತರು. ಸಿದ್ದಮ್ಮನಿಗೆ ಜಮೀನು ಉಳಿಯಿತು.

ಮೂವತ್ತು ವರ್ಷ ಸಾವಿರಾರು ಪತ್ರಗಳಿಗೆ ಮೊಹರು ಒತ್ತಿದ್ದೇನೆ. ಚೆಂದದ ಕೈಬರಹ ಕಂಡರೆ ನನಗೆ ಈಗಲೂ ಇಷ್ಟ, ಟೈಪಿನ ಸದ್ದು ಈಗಲೂ ಆಗದು. ಆದರೆ ಪತ್ರ ಕೈಗೆ ಬಂದಾಗ ಅದನ್ನು ಹೇಗೆ ಬರೆದಿದ್ದಾರೆ ಎಂದು ನೋಡುವುದನ್ನು ಆ ದಾವೆಯ ನಂತರ ಬಿಟ್ಟೆ. ಬರೆದವರನ್ನು ಒಳಗೆ ಕರೆದು ಮುಖ ನೋಡುತ್ತಿದ್ದೆ. ನಾಳೆ ನಾಲ್ಕು ಜನರ ಎದುರು ಇದು ನಂದೇ ಎನ್ನುವ ಮುಖವೋ, ಜ್ಞಾಪಕ ಇಲ್ಲ ಎನ್ನುವ ಮುಖವೋ ಎಂದು ಅಲ್ಲೇ ಗೊತ್ತಾಗುತ್ತಿತ್ತು.