ಚೀಲಕ್ಕೆ ಹಾಕಿಕೊಂಡ ಹನ್ನೊಂದು ಹಾಳೆ

ಆ ವರ್ಷ ನಾನು ತಿಕೋಟಾದ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಗೆ ವಿಜ್ಞಾನ ಕಲಿಸುತ್ತಿದ್ದೆ. ವರ್ಷದ ಪಾಠಗಳ ನಕ್ಷೆ ಅಲ್ಲಿಯವರೆಗೆ ಶಿಕ್ಷಕರ ಕೋಣೆಯ ಗೋಡೆಯ ಮೇಲಿರುತ್ತಿತ್ತು. ಮುಗಿದ ಪಾಠದ ಚೌಕಕ್ಕೆ ನಾವೇ ಹಸಿರು ಬಣ್ಣ ಬಳಿಯುತ್ತಿದ್ದೆವು. ಕಲಿಯುವವರು ನೋಡದ ನಕ್ಷೆ ಯಾರಿಗೆ ಎನ್ನಿಸಿ, ಅದನ್ನು ಸರಳ ಮಾತಿನಲ್ಲಿ ಬರೆದು ತರಗತಿಯ ಗೋಡೆಗೆ ಅಂಟಿಸಿ, ಅಲ್ಲೇ ಹಸಿರು ಬಳಿಯತೊಡಗಿದೆ. ಪ್ರತಿ ಮಗುವಿಗೂ ಒಂದು ಫೈಲು ಕೊಟ್ಟೆ. ಪಾಠ ಮುಗಿದಾಗಲೆಲ್ಲ ತಾವು ಮಾಡಿದ ಕೆಲಸವನ್ನು ಅದರಲ್ಲಿಟ್ಟು, ಏನು ತಿಳಿಯಿತು, ಏನು ತಿಳಿಯಲಿಲ್ಲ ಎಂದು ಒಂದು ಹಾಳೆ ಬರೆಯಬೇಕು. ಬರೆದರು. ಪಾಠಗಳು ಹಿಂದೆ ಬಿದ್ದಿದ್ದರಿಂದ ನಾನೇ ಅವನ್ನು ಸರಿಯಾಗಿ ಓದಿರಲಿಲ್ಲ.

ಶಿಕ್ಷಣ ಇಲಾಖೆಯ ತಪಾಸಣೆಯ ದಿನ ಬೆಳಿಗ್ಗೆ ನಾನು ವಿಜಯಪುರದಿಂದ ಬಸ್ಸಿನಲ್ಲಿ ಬಂದು ಇಳಿಯುತ್ತಿದ್ದಂತೆ ಮುಖ್ಯೋಪಾಧ್ಯಾಯರು ಶಾಲೆಯ ಗೇಟಿನಲ್ಲೇ ನನ್ನನ್ನು ತಡೆದರು.

"ಸಾಹೇಬ್ರು ಬಬಲೇಶ್ವರದ ಸಾಲಿ ಮುಗಿಸ್ಕೊಂಡು ಮಧ್ಯಾಹ್ನ ಇಲ್ಲಿಗೆ ಬರತಾರ. ತಿಳೀಲಿಲ್ಲ ಅಂತ ಬರದಿದ್ದ ಹಾಳಿ ಎಲ್ಲಾ ತಗದಿಡ್ರಿ. ನಕ್ಷೆದಾಗ ಹಸಿರು, ಫೈಲಿನಾಗ ತಿಳೀಲಿಲ್ಲ ಅಂದ್ರ ಉತ್ತರ ಯಾರು ಕೊಡಬೇಕು?"

ಪ್ರಾರ್ಥನೆಯ ಹೊತ್ತಿನಲ್ಲಿ ಖಾಲಿ ತರಗತಿಯಲ್ಲಿ ಕೂತು ಹನ್ನೊಂದು ಮಕ್ಕಳ ಹನ್ನೊಂದು ಹಾಳೆ ತೆಗೆದು ಚೀಲಕ್ಕೆ ಹಾಕಿಕೊಂಡೆ; ಎಲ್ಲವೂ ಚಲನೆಯ ಪಾಠದವೇ.

ಮೊದಲ ಅವಧಿಯಲ್ಲೇ ಎರಡನೇ ಸಾಲಿನ ಹುಡುಗಿಯೊಬ್ಬಳು ಫೈಲು ಹಿಡಿದು ಎದ್ದು ನಿಂತಳು. ಹೆಚ್ಚು ಮಾತಾಡುವವಳಲ್ಲ.

"ಟೀಚರ್, ನನ್ನ ಹಾಳಿ ಇಲ್ರಿ. ಚಲನೆ ಪಾಠದ್ದು."

"ಆಮ್ಯಾಲ ನೋಡೂಣು, ಕುಂದರು."

"ಅದರಾಗ ಖರೇನ ಬರದಿದ್ನಿರಿ. ತಪ್ಪಾತೇನ್ರಿ?"

ಖರೆ ಬರೆಯಿರಿ, ಯಾರೂ ಬೈಯುವುದಿಲ್ಲ ಎಂದವಳು ನಾನೇ. ಚೀಲ ತೆರೆದು ಹನ್ನೊಂದನ್ನೂ ಒಬ್ಬೊಬ್ಬರ ಕೈಗೇ ಮರಳಿಸಿದೆ.

ಮಧ್ಯಾಹ್ನ ತಪಾಸಣೆಗೆ ಬಂದ ಅಧಿಕಾರಿಗಳು ಆ ಹುಡುಗಿಯ ಫೈಲನ್ನೇ ಎತ್ತಿಕೊಂಡು ಗಟ್ಟಿಯಾಗಿ ಓದಿದರು: "ಗ್ರಾಫಿನಲ್ಲಿ ಗೆರೆ ಅಡ್ಡ ಹೋದರೆ ಬಸ್ಸು ನಿಂತಿದೆಯೋ ಓಡುತ್ತಿದೆಯೋ ತಿಳಿಯಲಿಲ್ಲ. ಟೀಚರ್ ಕೇಳಿದಾಗ ಎಲ್ಲರ ಜೊತೆ ತಿಳಿಯಿತು ಅಂದೆ."

ಅವರು ಗೋಡೆಯ ನಕ್ಷೆಯಲ್ಲಿ ಚಲನೆ ಪಾಠದ ಹಸಿರು ಚೌಕ ನೋಡಿದರು. "ಈ ಪಾಠ ಮುಗದೈತೇನ್ರಿ?"

ಮುಖ್ಯೋಪಾಧ್ಯಾಯರು ಪಕ್ಕದಲ್ಲೇ ನಿಂತಿದ್ದರು. ನಾನು ಮುಂದೆ ಬಂದೆ.

"ನಾ ಮುಗಿಸೀನ್ರಿ. ಹುಡುಗ್ರಿಗೆ ಮುಗಿದಿಲ್ಲ."

ಅಧಿಕಾರಿಗಳು ನಗಲಿಲ್ಲ, ಗದರಲೂ ಇಲ್ಲ. ಕಲಿಕೆ ಅಪೂರ್ಣ, ಮತ್ತೆ ಕಲಿಸಬೇಕು ಎಂದು ತಪಾಸಣೆಯ ಪುಸ್ತಕದಲ್ಲಿ ಬರೆದರು. ಅದರ ಕೆಳಗೆ ನಾನು ಸಹಿ ಹಾಕಿದೆ. ಮುಖ್ಯೋಪಾಧ್ಯಾಯರು ಹದಿನೈದು ದಿನ ನನ್ನೊಡನೆ ಮಾತು ಬಿಟ್ಟರು.

ಮರುದಿನ ಫೈಲುಗಳನ್ನು ನಿಧಾನವಾಗಿ ಓದಲು ಕೂತೆ. ಇನ್ನೂ ಏಳು ಮಕ್ಕಳು ಚಲನೆ ಪಾಠದ ತಮ್ಮ ಹಾಳೆಯಲ್ಲಿದ್ದ 'ತಿಳಿಯಿತು' ಎಂಬ ಮಾತನ್ನು ಹೊಡೆದುಹಾಕಿದ್ದರು. ಶನಿವಾರ ಶಾಲೆ ಬಿಟ್ಟ ಮೇಲೆ ಆ ಹದಿನೆಂಟು ಮಂದಿಯನ್ನು ಉಳಿಸಿಕೊಂಡು, ಹಲಗೆಯ ಮೇಲೆ ಗ್ರಾಫಿನ ಮೊದಲ ಗೆರೆ ಎಳೆದೆ.